ಜಾವಾ ದಪ್ಪಗಾಗಿ ಮತ್ತೆ ಸಣ್ಣಗಾದ ಕತೆ

ಓಪನ್‌ಜೆಡಿಕೆಯ ಸೋರ್ಸ್ ಕೋಡ್ ಇಳಿಸಿಕೊಂಡವರು ಸಾಮಾನ್ಯವಾಗಿ ನೇರ ಸೋರ್ಸ್ ಫೋಲ್ಡರಿಗೇ ನುಗ್ಗುತ್ತಾರೆ. ಪಕ್ಕದಲ್ಲಿ 'ಮೇಕ್' ಅನ್ನೋ ಇನ್ನೊಂದು ಫೋಲ್ಡರ್ ಇದೆ, ಅದನ್ನು ಕೇಳೋರು ಕಡಿಮೆ. ಅದರೊಳಗೆ ಹಾಟ್‌ಸ್ಪಾಟ್ ವರ್ಚುವಲ್ ಮಷೀನನ್ನು ಕಟ್ಟುವ ನಿಯಮಗಳಿವೆ. 'ಜೆವಿಎಂ ಫೀಚರ್ಸ್' ಅನ್ನೋ ಹೆಸರಿನ ಮೇಕ್‌ಫೈಲ್ ತೆಗೆದು ಸ್ವಲ್ಪ ಕೆಳಗೆ ಹೋದರೆ 'ಆಪ್ಟ್-ಸೈಜ್' ಅನ್ನೋ ಫೀಚರ್ ಸಿಗುತ್ತೆ. ಅದು ಹೇಳೋದು ಎರಡೇ ಮಾತು. ಒಂದು, ಇಡೀ ವರ್ಚುವಲ್ ಮಷೀನನ್ನು ವೇಗಕ್ಕಲ್ಲ, ಚಿಕ್ಕ ಗಾತ್ರಕ್ಕೆ ಕಂಪೈಲ್ ಮಾಡು. ಎರಡು, ಈ ಕೆಳಗಿನ ಫೈಲುಗಳನ್ನು ಮಾತ್ರ ಮುಟ್ಟಬೇಡ, ಅವು ಪೂರ್ತಿ ವೇಗದಲ್ಲೇ ಇರಲಿ. ಆಮೇಲೆ ಬರೋದು ಎಪ್ಪತ್ತಕ್ಕೂ ಹೆಚ್ಚು ಫೈಲುಗಳ ಉದ್ದ ಪಟ್ಟಿ.

ನಮ್ಮ ಕಡೆ ಊರ ದೇವಸ್ಥಾನದ ಮುಂದೆ ಶಾಸನದ ಕಲ್ಲು ಇರುತ್ತಲ್ಲ, ಈ ಪಟ್ಟಿ ನೋಡಿದಾಗ ನನಗೆ ಅದೇ ನೆನಪಾಗುತ್ತೆ. ಹಳೇ ಶಾಸನಗಳಲ್ಲಿ 'ಸರ್ವಮಾನ್ಯ' ಅನ್ನೋ ಮಾತು ಬರುತ್ತೆ. ಈ ಭೂಮಿಗೆ ಯಾವ ತೆರಿಗೆಯೂ ಇಲ್ಲ, ಪೂರ್ತಿ ಮಾಫಿ ಅಂತ ಅರ್ಥ. ಯಾರಿಗೆ ತೆರಿಗೆ ಬಿತ್ತು ಅನ್ನೋದಕ್ಕಿಂತ ಯಾರಿಗೆ ಮಾಫಿ ಸಿಕ್ಕಿತು ಅನ್ನೋದನ್ನು ಓದಿದರೆ ಆ ರಾಜ್ಯ ಯಾವುದನ್ನು ಮುಖ್ಯ ಅಂದುಕೊಂಡಿತ್ತು ಅಂತ ಗೊತ್ತಾಗುತ್ತೆ. ಮೇಕ್‌ಫೈಲಿನ ಈ ಮಾಫಿ ಪಟ್ಟಿಯನ್ನೂ ಹಾಗೇ ಓದಬಹುದು. ಓದುವ ಮೊದಲು ಆ ತೆರಿಗೆ ಎಂಥದ್ದು, ಅದನ್ನು ಹಾಕುವ ಪರಿಸ್ಥಿತಿ ಯಾಕೆ ಬಂತು ಅಂತ ನೋಡೋಣ.

ಕಂಪೈಲರಿಗೆ ನಾವು '-ಓ3' ಅಂದರೆ ವೇಗಕ್ಕಾಗಿ ಏನು ಬೇಕಾದರೂ ಮಾಡು ಅಂತ ಅನುಮತಿ ಕೊಟ್ಟ ಹಾಗೆ. '-ಓಎಸ್' ಅಂದರೆ ವೇಗ ಇರಲಿ, ಆದರೆ ಕೋಡನ್ನು ಉಬ್ಬಿಸಬೇಡ ಅಂದ ಹಾಗೆ. ವ್ಯತ್ಯಾಸ ಎಲ್ಲಿದೆ ಅಂದರೆ, ಊರಲ್ಲಿ ಒಂದೇ ಹಿಟ್ಟಿನ ಗಿರಣಿ ಇದ್ದರೆ ಎಲ್ಲರೂ ರಾಗಿ ಹೊತ್ತುಕೊಂಡು ಅಲ್ಲಿಗೇ ಹೋಗಬೇಕು. ಮನೆಗೊಂದು ಪುಟ್ಟ ಗಿರಣಿ ಇಟ್ಟರೆ ಹೋಗಿ ಬರೋ ಹೊತ್ತು ಉಳಿಯುತ್ತೆ, ಆದರೆ ಪ್ರತಿ ಮನೆಯಲ್ಲೂ ಜಾಗ ಹೋಗುತ್ತೆ. ಕಂಪೈಲರ್ ಮಾಡುವ 'ಇನ್‌ಲೈನಿಂಗ್' ಇದೇ. ಒಂದು ಫಂಕ್ಷನ್ನನ್ನು ಕರೆಯುವ ಬದಲು ಅದರ ಒಡಲನ್ನೇ ಕರೆದ ಜಾಗಕ್ಕೆಲ್ಲ ನಕಲು ಮಾಡಿಡುತ್ತೆ. ಲೂಪ್‌ಗಳನ್ನು ಬಿಚ್ಚಿ ಹರಡೋದು, ಫಂಕ್ಷನ್ನುಗಳು ಪ್ರೊಸೆಸರಿಗೆ ಅನುಕೂಲವಾದ ವಿಳಾಸದಿಂದಲೇ ಶುರುವಾಗಲಿ ಅಂತ ನಡುವೆ ಖಾಲಿ ಸೂಚನೆಗಳನ್ನು ತುಂಬೋದು, ಇವೆಲ್ಲ ಜಾಗ ಕೊಟ್ಟು ವೇಗ ಕೊಳ್ಳುವ ವ್ಯಾಪಾರಗಳು. '-ಓಎಸ್' ಇಂಥ ವ್ಯಾಪಾರಗಳಿಗೆ ಕಡಿವಾಣ ಹಾಕುತ್ತೆ.

ಚಿಕ್ಕ ಕೋಡ್ ಯಾವಾಗಲೂ ನಿಧಾನ ಅಂತಲೂ ಅಲ್ಲ. ಪ್ರೊಸೆಸರಿನ ಅತಿ ಹತ್ತಿರದ ಸೂಚನಾ ಕ್ಯಾಶ್ ಎಷ್ಟೋ ಚಿಪ್‌ಗಳಲ್ಲಿ 32 ಕೆಬಿ ಅಷ್ಟೇ. ಮನೆಮನೆಗೂ ಗಿರಣಿ ಇಟ್ಟು ಊರೇ ಅಷ್ಟಗಲ ಹರಡಿಕೊಂಡರೆ ಕೊನೆಗೆ ನಡೆಯೋ ದೂರವೇ ಜಾಸ್ತಿ ಆಗಬಹುದು. ಲಿನಕ್ಸ್ ಕರ್ನಲ್ಲಿನ ಸಂರಚನೆಯಲ್ಲೂ ಗಾತ್ರಕ್ಕೆ ಕಂಪೈಲ್ ಮಾಡುವ ಒಂದು ಆಯ್ಕೆ ಇವತ್ತಿಗೂ ಇದೆ. ಯಾವುದು ಗೆಲ್ಲುತ್ತೆ ಅನ್ನೋದನ್ನು ಅಳೆದು ನೋಡಿಯೇ ಹೇಳಬೇಕು.

ಈಗ ಇತಿಹಾಸಕ್ಕೆ ಬರೋಣ. ಇವತ್ತು ಜಾವಾ ಅಂದ ಕೂಡಲೇ ಬ್ಯಾಂಕಿನ ಸರ್ವರ್, ಗಿಗಾಬೈಟ್ ಲೆಕ್ಕದ ಹೀಪ್ ಕಣ್ಣಮುಂದೆ ಬರುತ್ತೆ. ಆದರೆ ಅದು ಹುಟ್ಟಿದ್ದು ಚಿಕ್ಕ ಸಾಧನಗಳಿಗೆ. 1991ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ 'ಗ್ರೀನ್' ಅನ್ನೋ ಪ್ರಾಜೆಕ್ಟ್ ಶುರುವಾಯ್ತು. ಮುಂದೆ ಜಾವಾದ ಜನಕ ಅನ್ನಿಸಿಕೊಂಡ ಜೇಮ್ಸ್ ಗಾಸ್ಲಿಂಗ್ ಆ ತಂಡದಲ್ಲಿದ್ದರು. ಮನೆಬಳಕೆಯ ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಒಂದು ಭಾಷೆ ಬೇಕು ಅಂತ ಅವರು ಬರೆದದ್ದು 'ಓಕ್'. 1992ರಲ್ಲಿ ಅದು 'ಸ್ಟಾರ್ ಸೆವೆನ್' ಅನ್ನೋ ಕೈಯಲ್ಲಿ ಹಿಡಿಯುವ ಸಾಧನದಲ್ಲಿ ಓಡಿತು. ಕೊಳ್ಳೋರು ಸಿಗಲಿಲ್ಲ. 1995ರ ಹೊತ್ತಿಗೆ ವೆಬ್ ಬಂದಿತ್ತು, ಓಕ್ ಹೆಸರು ಬದಲಿಸಿಕೊಂಡು ಜಾವಾ ಆಗಿ ಬ್ರೌಸರಿನೊಳಗೆ ಹೋಯಿತು, ಅಲ್ಲಿಂದ ಸರ್ವರಿಗೆ.

ಸರ್ವರಿನಲ್ಲಿ ಬೇಕಿದ್ದದ್ದು ವೇಗ. 1997ರಲ್ಲಿ ಸನ್ ಕಂಪನಿ ಅನಿಮಾರ್ಫಿಕ್ ಅನ್ನೋ ಪುಟ್ಟ ಸಂಸ್ಥೆಯನ್ನು ಕೊಂಡಿತು. ಲಾರ್ಸ್ ಬಾಕ್, ಉರ್ಸ್ ಹೋಲ್ಜ್‌ಲೆ ಮುಂತಾದವರು ಅಲ್ಲಿ ಸ್ಮಾಲ್‌ಟಾಕ್ ವಂಶದ ಭಾಷೆಯೊಂದಕ್ಕೆ ವೇಗದ ವರ್ಚುವಲ್ ಮಷೀನ್ ಕಟ್ಟಿದ್ದರು. ಆ ಕೆಲಸದ ಬೇರಿನಿಂದ 1999ರಲ್ಲಿ ಹಾಟ್‌ಸ್ಪಾಟ್ ಬಂತು. ಪ್ರೋಗ್ರಾಮ್ ಓಡುತ್ತಿರುವಾಗಲೇ ಯಾವ ಭಾಗ ಪದೇ ಪದೇ ಓಡುತ್ತಿದೆ ಅಂತ ನೋಡಿ, ಅದನ್ನು ಅಲ್ಲೇ ಮಷೀನ್ ಕೋಡ್ ಆಗಿ ಕಂಪೈಲ್ ಮಾಡೋದು ಅದರ ತಂತ್ರ. ಇದಕ್ಕೆ ವರ್ಚುವಲ್ ಮಷೀನಿನ ಹೊಟ್ಟೆಯೊಳಗೇ ಕಂಪೈಲರ್ ಇರಬೇಕು. ಒಂದಲ್ಲ, ಕಾಲಕ್ರಮದಲ್ಲಿ ಎರಡು: ಬೇಗ ಕೆಲಸ ಮುಗಿಸುವ ಸಿ1, ಹೆಚ್ಚು ಹೊತ್ತು ತಗೊಂಡು ಚೆನ್ನಾಗಿ ಮಾಡುವ ಸಿ2. ಜತೆಗೆ ಹಲವು ಬಗೆಯ ಗಾರ್ಬೇಜ್ ಕಲೆಕ್ಟರ್‌ಗಳು, ಡಿಬಗರಿಗೆ ಬೇಕಾದ ಕೊಂಡಿಗಳು, ಮಾನಿಟರಿಂಗ್. ಜಾವಾ ದಪ್ಪಗಾಯ್ತು.

ಅದೇ 1999ರಲ್ಲಿ ಅದೇ ಕಂಪನಿಯಲ್ಲಿ ಇನ್ನೊಂದು ತಂಡ ಪೂರ್ತಿ ಉಲ್ಟಾ ದಿಕ್ಕಿನಲ್ಲಿ ಹೊರಟಿತ್ತು ಅನ್ನೋದು ನನಗೆ ಈ ಕತೆಯಲ್ಲಿ ಬಹಳ ಇಷ್ಟದ ಭಾಗ. ಸನ್ ಲ್ಯಾಬ್ಸ್‌ನಲ್ಲಿ ಆಂಟೆರೊ ತೈವಲ್‌ಸಾರಿ ಮತ್ತು ಅವರ ಜತೆಗಾರರು 'ಸ್ಪಾಟ್‌ಲೆಸ್' ಅನ್ನೋ ಪ್ರಯೋಗದಲ್ಲಿ ಪಾಮ್ ಸಾಧನದ ಮೇಲೆ ಜಾವಾ ಓಡಿಸಿದರು. ಅದರಿಂದ ಬಂದದ್ದು ಕೆವಿಎಂ. ಹೆಸರಿನಲ್ಲಿರುವ 'ಕೆ' ಕಿಲೋಬೈಟಿನ ಕೆ. ವರ್ಚುವಲ್ ಮಷೀನಿನ ತಿರುಳು 40ರಿಂದ 80 ಕೆಬಿ ಅಷ್ಟೇ. ಅದರ ಮೇಲೆ ಬಂದ ಸಿಎಲ್‌ಡಿಸಿ 1.0 ಮಾನದಂಡದ ಪ್ರಕಾರ ಸಾಧನದಲ್ಲಿ ಜಾವಾಕ್ಕೆ ಕನಿಷ್ಠ 160 ಕೆಬಿ ಇದ್ದರೆ ಸಾಕು: ವರ್ಚುವಲ್ ಮಷೀನ್ ಮತ್ತು ಲೈಬ್ರರಿಗಳಿಗೆ 128, ಓಡುವಾಗ ಬೇಕಾದ ಮೆಮರಿಗೆ 32. ನಾವು ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರಬಹುದು.

ಅಷ್ಟರಲ್ಲಿ ಹಿಡಿಸಬೇಕಂದರೆ ಯಾವುದೋ ಒಂದನ್ನು ಬಿಡಲೇಬೇಕು. ಸಿಎಲ್‌ಡಿಸಿ 1.0 ಬಿಟ್ಟದ್ದು ದಶಮಾಂಶ ಸಂಖ್ಯೆಗಳನ್ನು. ಹೌದು, ಆ ಜಾವಾದಲ್ಲಿ ಫ್ಲೋಟ್ ಇಲ್ಲ, ಡಬಲ್ ಇಲ್ಲ. ಒಂದೂವರೆ ಅಂತ ಬರೆಯಬೇಕಿದ್ದರೆ ನೀವೇ ಪೂರ್ಣಾಂಕಗಳಲ್ಲಿ ಲೆಕ್ಕ ಹೊಂದಿಸಿಕೊಳ್ಳಬೇಕು. ಮುಂದೆ 1.1 ಆವೃತ್ತಿಯಲ್ಲಿ ದಶಮಾಂಶಗಳು ವಾಪಸ್ ಬಂದವು, ಕನಿಷ್ಠ ಮೆಮರಿಯ ಮಿತಿಯೂ 160ರಿಂದ 192 ಕೆಬಿಗೆ ಏರಿತು.

ಇನ್ನೊಂದು ಉಳಿತಾಯ ಹೆಚ್ಚು ಜಾಣತನದ್ದು. ಕ್ಲಾಸ್ ಫೈಲ್ ಒಳಗೆ ಬಂದಾಗ ಅದು ಮೋಸದ ಕೋಡ್ ಅಲ್ಲ ಅಂತ ಜಾವಾ ಪರಿಶೀಲಿಸಬೇಕು. ದೊಡ್ಡ ಜಾವಾದಲ್ಲಿ ಆ ಪರಿಶೀಲನೆಗೆ ಸಾಕಷ್ಟು ಮೆಮರಿ, ಸಮಯ ಎರಡೂ ಬೇಕಿತ್ತು. ಕೆವಿಎಂ ತಂಡ ಈ ಕೆಲಸವನ್ನು ಎರಡು ಪಾಲು ಮಾಡಿತು. ಭಾರದ ಲೆಕ್ಕವನ್ನು ಪ್ರೋಗ್ರಾಮರನ ಕಂಪ್ಯೂಟರಿನಲ್ಲೇ ಮುಗಿಸಿ, ಅದರ ಉತ್ತರವನ್ನು ಒಂದು ಪುಟ್ಟ ಕೋಷ್ಟಕವಾಗಿ ಕ್ಲಾಸ್ ಫೈಲಿಗೇ ಅಂಟಿಸೋದು. ಫೋನು ಆ ಕೋಷ್ಟಕ ಇಟ್ಟುಕೊಂಡು ಒಂದು ಸಲ ತಾಳೆ ನೋಡಿದರೆ ಸಾಕು. ಈ ಉಪಾಯ ಎಷ್ಟು ಚೆನ್ನಾಗಿತ್ತಂದರೆ ಜಾವಾ 6ರ ಹೊತ್ತಿಗೆ ದೊಡ್ಡ ಜಾವಾವೂ ಅದನ್ನೇ ತಗೊಂಡಿತು. ಇವತ್ತು ನಿಮ್ಮ ಸರ್ವರಿನ ಕ್ಲಾಸ್ ಫೈಲುಗಳಲ್ಲಿ ಇರುವ 'ಸ್ಟ್ಯಾಕ್‌ಮ್ಯಾಪ್‌ಟೇಬಲ್' ಅದರದೇ ವಂಶ. ಬಡತನದಲ್ಲಿ ಕಲಿತ ಅಡುಗೆ ಸಿರಿವಂತರ ಮನೆಗೆ ಹೋದ ಹಾಗೆ.

ಆ ಚಿಕ್ಕ ಜಾವಾ ನಮ್ಮ ದೇಶಕ್ಕೆ ಬಂದದ್ದು ನೋಕಿಯಾ ಫೋನುಗಳಲ್ಲಿ. ಮೊದಲ ತಲೆಮಾರಿನ ಸೀರೀಸ್ 40 ಫೋನುಗಳಲ್ಲಿ ಒಂದು ಆಟದ ಜಾರ್ ಫೈಲು 64 ಕೆಬಿ ದಾಟುವಂತಿರಲಿಲ್ಲ. ಚಿತ್ರ, ಸದ್ದು, ಕೋಡ್ ಎಲ್ಲ ಸೇರಿ 64. ಕ್ಲಾಸುಗಳಿಗೆ ಇಟ್ಟ ಚಂದದ ಹೆಸರುಗಳನ್ನು ಪ್ರೋಗಾರ್ಡ್ ಥರದ ಟೂಲ್ ಹಾಕಿ ಎ, ಬಿ, ಸಿ ಅಂತ ಕತ್ತರಿಸುತ್ತಿದ್ದರು. ಯಾಕಂದರೆ ಹೆಸರಿನ ಅಕ್ಷರಗಳೂ ಜಾಗ ತಿನ್ನುತ್ತವೆ.

ಇಲ್ಲೇ ಕನ್ನಡದ ಮಾತೂ ಬರುತ್ತೆ. ಅಂಥ ಎಷ್ಟೋ ಫೋನುಗಳಲ್ಲಿ ಕನ್ನಡದ ಫಾಂಟ್ ಇರಲಿಲ್ಲ, ಒತ್ತಕ್ಷರ ಜೋಡಿಸುವ ವ್ಯವಸ್ಥೆಯೂ ಇರಲಿಲ್ಲ. ಕನ್ನಡ ಪುಟ ತೆಗೆದರೆ ಸಾಲುಸಾಲು ಚೌಕಗಳು. ಆಗ ದಾರಿ ಕೊಟ್ಟದ್ದು ಒಪೇರಾ ಮಿನಿ, ಅದೂ ಒಂದು ಜಾವಾ ಅಪ್ಲಿಕೇಶನ್ನೇ. ಪುಟವನ್ನು ಅದರ ಸರ್ವರ್ ತೆಗೆದು, ಹಿಂಡಿ, ಚಿಕ್ಕದು ಮಾಡಿ ಫೋನಿಗೆ ಕಳಿಸುತ್ತಿತ್ತು. ಅದರ ಗುಟ್ಟಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋದಕ್ಕೆ 'ಯೆಸ್' ಕೊಟ್ಟರೆ ಕನ್ನಡದ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಬಿಇ ಓದುವಾಗ ಹಾಸ್ಟೆಲ್ಲಿನಲ್ಲಿ ಈ ವಿದ್ಯೆ ಬಾಯಿಂದ ಬಾಯಿಗೆ ಹರಡಿತ್ತು. ಹಳ್ಳಿಯಿಂದ ಬಂದ ನಮ್ಮಂಥವರು ಕಂಪ್ಯೂಟರಿಗೆ ಮುಂಚೆ ಫೋನಿನಲ್ಲೇ ಇಂಟರ್ನೆಟ್ ನೋಡಿದವರು. ಹಾಗೆ ಬಂದ ಕನ್ನಡವನ್ನು ಓದಬಹುದಿತ್ತು, ಅಷ್ಟೇ. ಅಕ್ಷರ ಚಿತ್ರವಾದ ಮೇಲೆ ಅದನ್ನು ಕಾಪಿ ಮಾಡೋಕಾಗಲ್ಲ, ಹುಡುಕೋಕಾಗಲ್ಲ.

ಗಾತ್ರ ಕಡಿಮೆ ಮಾಡೋದು ಬರೀ ಇಂಜಿನಿಯರಿಂಗ್ ಲೆಕ್ಕ ಅನ್ನೋರಿಗೆ ನಾನು ಇದನ್ನೇ ಹೇಳೋದು. ಬುಟ್ಟಿ ಚಿಕ್ಕದಾದಾಗ ಯಾವುದನ್ನು ಕೆಳಗಿಡಬೇಕು ಅಂತ ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ. ಒಂದು ಕಡೆ ದಶಮಾಂಶ ಹೋಯಿತು, ಇನ್ನೊಂದು ಕಡೆ ನಮ್ಮ ಲಿಪಿ ಹೋಯಿತು.

2008ರಲ್ಲಿ ಆಂಡ್ರಾಯ್ಡ್ ಫೋನ್ ಬಂದು ಫೋನಿನ ಜಾವಾದ ಕತೆ ಬೇರೆ ದಾರಿ ಹಿಡಿಯಿತು. ಅದರ ಡಾಲ್ವಿಕ್ ಮಷೀನ್ ಹಾಟ್‌ಸ್ಪಾಟ್‌ಗೆ ಸಂಬಂಧಪಟ್ಟದ್ದಲ್ಲ. ಆದರೆ ರೂಟರ್, ಮೀಟರ್, ಪ್ರಿಂಟರ್, 2012ರಲ್ಲಿ ಬಂದ ರಾಸ್‌ಬೆರಿ ಪೈ ಥರದ ಸಾಧನಗಳು ಉಳಿದಿದ್ದವು. ಅವು ಕೆವಿಎಂ ಕಾಲದಷ್ಟು ಬಡವೂ ಅಲ್ಲ, ಸರ್ವರಿನಷ್ಟು ಸಿರಿವಂತವೂ ಅಲ್ಲ. ಅವಕ್ಕೆ ಬೇರೆ ಮಷೀನ್ ಬರೆಯುವ ಬದಲು ಹಾಟ್‌ಸ್ಪಾಟನ್ನೇ ಸಣ್ಣಗೆ ಮಾಡೋಣ ಅನ್ನೋ ದಾರಿ ಹಿಡಿದರು. ಆಗ ಕೆಲಸ ಬಿಲ್ಡ್ ಸಿಸ್ಟಮ್ಮಿನ ತಲೆಗೆ ಬಂತು.

ಮೊದಲ ಹೆಜ್ಜೆ 2014ರ ಜೆಡಿಕೆ 8. ಲೈಬ್ರರಿಗಳನ್ನು 'ಕಾಂಪ್ಯಾಕ್ಟ್' ಅನ್ನೋ ಮೂರು ಅಳತೆಗಳಲ್ಲಿ ಕತ್ತರಿಸಿದರು. ವರ್ಚುವಲ್ ಮಷೀನಿಗೆ ಕ್ಲೈಂಟ್, ಸರ್ವರ್ ಜತೆಗೆ 'ಮಿನಿಮಲ್' ಅನ್ನೋ ಹೊಸ ಬಗೆ ಬಂತು. ಅದರ ಮೇಕ್‌ಫೈಲ್ ಒಂದು ಪಥ್ಯದ ಚೀಟಿಯ ಥರ ಇದೆ. ಡಿಬಗರಿನ ಕೊಂಡಿ ಬೇಡ, ಮ್ಯಾನೇಜ್‌ಮೆಂಟ್ ಬೇಡ, ಜೆಎನ್‌ಐ ತಪಾಸಣೆ ಬೇಡ, ಮೆಮರಿ ಲೆಕ್ಕ ಇಡೋದು ಬೇಡ, ಬೇರೆ ಬೇರೆ ಗಾರ್ಬೇಜ್ ಕಲೆಕ್ಟರ್ ಬೇಡ, ಒಂದು ಸೀರಿಯಲ್ ಕಲೆಕ್ಟರ್ ಸಾಕು. ಕಂಪೈಲರ್ ಸಿ1 ಮಾತ್ರ. ಪ್ರತಿಯೊಂದಕ್ಕೂ 'ಇನ್‌ಕ್ಲೂಡ್' ಅಂತ ಶುರುವಾಗುವ ಒಂದು ವೇರಿಯೇಬಲ್, ಅದರ ಮುಂದೆ 'ಫಾಲ್ಸ್'.

ಇದು ಫೀಚರ್ ಬಿಟ್ಟು ಉಳಿಸಿದ ಜಾಗ. ಫೀಚರ್ ಬಿಡದೆ, ಇದ್ದ ಕೋಡನ್ನೇ ಇನ್ನಷ್ಟು ಬಿಗಿಯಾಗಿ ಕಟ್ಟೋದು ಮುಂದಿನ ಹೆಜ್ಜೆ. 2017ರ ಜೆಡಿಕೆ 9ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಹಾಟ್‌ಸ್ಪಾಟಿನ ಹಳೇ ಮೇಕ್‌ಫೈಲುಗಳನ್ನು ತೆಗೆದು ಹೊಸದಾಗಿ ಬರೆದರು. ಒರಾಕಲ್ ಕಂಪನಿ ತನ್ನೊಳಗೇ ಇಟ್ಟುಕೊಂಡಿದ್ದ ಎಆರ್‌ಎಂ ಪ್ರೊಸೆಸರಿನ ಪೋರ್ಟನ್ನು ಓಪನ್‌ಜೆಡಿಕೆಗೆ ಕೊಟ್ಟಿತು. ಹೊಸ ವ್ಯವಸ್ಥೆಯಲ್ಲಿ ಎಲ್ಲವೂ 'ಫೀಚರ್'. ಕಾನ್ಫಿಗರ್ ಮಾಡುವಾಗ ಯಾವ ಬಗೆಯ ಮಷೀನ್ ಅಂತ ಒಂದು ಆಯ್ಕೆ, ಯಾವ ಯಾವ ಫೀಚರ್ ಅಂತ ಇನ್ನೊಂದು ಆಯ್ಕೆ ಕೊಟ್ಟರೆ ಸಾಕು. 'ಆಪ್ಟ್-ಸೈಜ್' ಅಂಥದ್ದೊಂದು ಫೀಚರ್. ಮಾಮೂಲಿ ಸರ್ವರ್ ಬಿಲ್ಡಿನಲ್ಲಿ ಅದು ಆನ್ ಇರಲ್ಲ.

ಈಗ ಮತ್ತೆ ಆ ಮಾಫಿ ಪಟ್ಟಿಗೆ ಹೋಗೋಣ. ಒಂದು ಮಾತು ಮೊದಲೇ ಗೊತ್ತಿರಬೇಕು: '-ಓಎಸ್' ತೆರಿಗೆ ಬೀಳೋದು ವರ್ಚುವಲ್ ಮಷೀನಿನ ಸಿ++ ಕೋಡಿಗೆ. ನಿಮ್ಮ ಜಾವಾ ಪ್ರೋಗ್ರಾಮನ್ನು ಸಿ1 ಕಂಪೈಲ್ ಮಾಡಿ ಹೊರಗೆ ಹಾಕುವ ಮಷೀನ್ ಕೋಡಿಗಲ್ಲ. ಹಾಟ್‌ಸ್ಪಾಟಿನ ಇಂಟರ್‌ಪ್ರಿಟರ್ ಕೂಡ ಸಾಮಾನ್ಯವಾಗಿ ಶುರುವಾಗುವಾಗ ತಾನೇ ಅಸೆಂಬ್ಲಿಯಲ್ಲಿ ತಯಾರಾಗುವಂಥದ್ದು, ಅದಕ್ಕೂ ಈ ತೆರಿಗೆ ತಟ್ಟಲ್ಲ. ಹಾಗಾದರೆ ಪೆಟ್ಟು ಬೀಳೋದು ಎಲ್ಲಿಗೆ? ಕ್ಲಾಸುಗಳನ್ನು ತೆರೆದು ಓದುವಾಗ, ಮೆಮರಿ ಗುಡಿಸುವಾಗ, ಲಾಕ್ ಹಿಡಿಯುವಾಗ, ಕಂಪೈಲ್ ಮಾಡುವಾಗ.

ಪಟ್ಟಿಯಲ್ಲಿ ಇರೋದೂ ಅವೇ. ಕ್ಲಾಸ್ ಫೈಲ್ ಪಾರ್ಸರ್, ಸಿಂಬಲ್ ಟೇಬಲ್, ಸಿಸ್ಟಮ್ ಡಿಕ್ಷನರಿ, ಇವು ಪ್ರೋಗ್ರಾಮ್ ಶುರುವಾಗುವಾಗ ಬೆವರು ಸುರಿಸುವವು. ಸಿಂಕ್ರೊನೈಸರ್, ಮ್ಯೂಟೆಕ್ಸ್, ಇವು ಥ್ರೆಡ್ಡುಗಳ ನಡುವೆ ಪಂಚಾಯ್ತಿ ಮಾಡುವವು. ಗಾರ್ಬೇಜ್ ಕಲೆಕ್ಷನ್ ಫೈಲುಗಳಿವೆ, ಆದರೆ ಸೀರಿಯಲ್ ಕಲೆಕ್ಟರಿನವು. ದೊಡ್ಡ ಹೀಪಿಗೆ ಬೇಕಾದ ಜಿ1 ಕಲೆಕ್ಟರಿನ ಹೆಸರೇ ಇಲ್ಲ. ಸಿ1 ಕಂಪೈಲರಿನ ಫೈಲುಗಳಿವೆ, ಸಿ2 ಇಲ್ಲ. ಅಂದರೆ ಈ ಪಟ್ಟಿ ಬರೆದವರ ಕಣ್ಣಮುಂದೆ ಇದ್ದದ್ದು ಮಿನಿಮಲ್ ಥರದ ಮಷೀನು. ಇನ್ನು ಎಷ್ಟೋ ಹೆಸರುಗಳ ಬಾಲದಲ್ಲಿ 'ಎಆರ್‌ಎಂ' ಅಂತ ಇದೆ. ಯಾರೂ ಕಾಮೆಂಟ್ ಬರೆದು ಹೇಳದಿದ್ದರೂ ಈ ಪಟ್ಟಿ ಯಾವ ಊರಿಂದ ಬಂತು ಅಂತ ಹೆಸರುಗಳೇ ಹೇಳುತ್ತವೆ.

ಅಲ್ಲೇ 'ಸ್ಟ್ಯಾಕ್‌ಮ್ಯಾಪ್‌ಟೇಬಲ್' ಫೈಲೂ ಇದೆ. ಕೆವಿಎಂ ಕಾಲದಲ್ಲಿ ಜಾಗ ಉಳಿಸೋದಕ್ಕೆ ಹುಟ್ಟಿದ ಉಪಾಯ, ದೊಡ್ಡ ಜಾವಾಕ್ಕೆ ಹೋಗಿ, ಆ ದೊಡ್ಡದು ಸಣ್ಣಗಾಗುವ ಹೊತ್ತಿಗೆ ಮುಟ್ಟಬಾರದವರ ಸಾಲಿನಲ್ಲಿ ಕೂತಿದೆ.

ಪಟ್ಟಿಯ ಕೊನೆಯ ಹತ್ತಿರ 'ಯುಟಿಎಫ್8' ಅನ್ನೋ ಫೈಲ್ ಇದೆ. ಜಾವಾ ಕ್ಲಾಸ್ ಫೈಲಿನೊಳಗೆ ಹೆಸರು, ಪಠ್ಯ ಎಲ್ಲ ಯುಟಿಎಫ್-8ರ ಒಂದು ಬಗೆಯಲ್ಲಿ ಇರುತ್ತವೆ. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೆ ಮೂರು. 'ಕನ್ನಡ' ಅನ್ನೋ ಪದವೇ 5 ಕೋಡ್ ಪಾಯಿಂಟ್, 15 ಬೈಟ್. ನಿಮ್ಮ ಕೋಡಿನಲ್ಲಿ ಕನ್ನಡದ ಒಂದು ವಾಕ್ಯ ಬರೆದಿಟ್ಟರೆ ಅದು ಈ ಫೈಲಿನ ಫಂಕ್ಷನ್ನುಗಳನ್ನು ದಾಟಿಯೇ ಒಳಗೆ ಬರೋದು. ಅದನ್ನು ಪಟ್ಟಿಗೆ ಸೇರಿಸಿದವರ ತಲೆಯಲ್ಲಿ ಕನ್ನಡ ಖಂಡಿತ ಇದ್ದಿರಲ್ಲ. ಕ್ಲಾಸ್ ಹೆಸರುಗಳೆಲ್ಲ ಆ ದಾರಿಯಲ್ಲೇ ಬರೋದರಿಂದ ಅದು ಬಿಸಿ ರಸ್ತೆ, ಅಷ್ಟೇ ಕಾರಣ. ಆದರೂ ಫಲ ನಮಗೂ ಸಿಕ್ಕಿತು. ಹಿಂದೆ ಜಾಗದ ಲೆಕ್ಕದಲ್ಲಿ ಹೊರಗುಳಿದ ಲಿಪಿ ಈ ಸಲ ಮಾಫಿ ಸಿಕ್ಕ ದಾರಿಯಲ್ಲೇ ಬರುತ್ತಿದೆ.

ಇಂಥ ಪಟ್ಟಿಗೆ ಒಂದು ದೌರ್ಬಲ್ಯವೂ ಇದೆ. ಅದು ಫೈಲಿನ ಹೆಸರು ನಂಬಿಕೊಂಡು ಪ್ರತಿ ಹೆಸರಿಗೂ ಒಂದು ವೇರಿಯೇಬಲ್ ಇಡುತ್ತೆ. ನಾಳೆ ಯಾರೋ ಫೈಲಿನ ಹೆಸರು ಬದಲಿಸಿ ಪಟ್ಟಿಯಲ್ಲಿ ಬದಲಿಸದೇ ಹೋದರೆ ಬಿಲ್ಡ್ ಮುರಿಯಲ್ಲ, ಎಚ್ಚರಿಕೆಯೂ ಬರಲ್ಲ. ಆ ಫೈಲು ಸದ್ದಿಲ್ಲದೆ ಮಾಫಿ ಕಳಕೊಂಡು '-ಓಎಸ್' ಸಾಲಿಗೆ ಸೇರುತ್ತೆ. ಊರಿನ ಹೆಸರು ಬದಲಾದ ಮೇಲೆ ಹಳೇ ಶಾಸನ ಯಾವ ಭೂಮಿಯದು ಅಂತ ತಿಳಿಯದ ಹಾಗೆ. ಅದಕ್ಕೇ ಈ ಥರದ ಸಂರಚನೆ ಬಳಸುವವರು ಲೈಬ್ರರಿಯ ಗಾತ್ರವನ್ನೂ ಶುರುವಾಗುವ ಸಮಯವನ್ನೂ ಪ್ರತಿ ಆವೃತ್ತಿಗೆ ಅಳೆದು ಬರೆದಿಡಬೇಕು.

ಸಣ್ಣಗಾಗುವ ಆಸೆ ಮುಗಿದಿಲ್ಲ, ಕಾರಣ ಮಾತ್ರ ಬದಲಾಗಿದೆ. ಈಗ ಫೋನಲ್ಲ, ಕ್ಲೌಡಿನ ಬಿಲ್ಲು ಮತ್ತು ಕಂಟೇನರ್. ಜೆಡಿಕೆ 9ರಲ್ಲಿ ಬಂದ 'ಜೆಲಿಂಕ್' ಬೇಕಾದ ಮಾಡ್ಯೂಲುಗಳನ್ನಷ್ಟೇ ಆರಿಸಿ ಜಾವಾ ಕಟ್ಟಿಕೊಡುತ್ತೆ. ಜೆಡಿಕೆ 24ರಲ್ಲಿ ಬಂದ ಒಂದು ಬಿಲ್ಡ್ ಆಯ್ಕೆ ಆನ್ ಮಾಡಿದರೆ ಇಡೀ ಜೆಡಿಕೆಯ ಗಾತ್ರ ಸುಮಾರು 25 ಶೇಕಡಾ ಇಳಿಯುತ್ತೆ. ಒರಾಕಲ್ ಕೊಟ್ಟ 64 ಬಿಟ್ ಎಆರ್‌ಎಂ ಪೋರ್ಟನ್ನು ಜೆಡಿಕೆ 12ರಲ್ಲೇ ತೆಗೆದು, ಮೊದಲಿಂದ ಇದ್ದ ಇನ್ನೊಂದನ್ನು ಉಳಿಸಿಕೊಂಡರು, 32 ಬಿಟ್ಟಿನದು ಉಳಿಯಿತು. ಕತ್ತರಿ ಪೋರ್ಟುಗಳಿಗೂ ಬೀಳುತ್ತೆ.

ನಿಮ್ಮ ಆಫೀಸಿನಲ್ಲೂ ಒಂದು ದಿನ ಯಾರೋ ಇಮೇಜ್ ಸೈಜ್ ಅರ್ಧಕ್ಕೆ ಇಳಿಸೋಣ ಅಂತಾರೆ. ಒಳ್ಳೇದೇ, ಇಳಿಸಿ. ಆದರೆ ಸ್ಲೈಡಿನಲ್ಲಿ ಎಷ್ಟು ಎಂಬಿ ಉಳಿಯುತ್ತೆ ಅನ್ನೋದರ ಪಕ್ಕದಲ್ಲೇ ಎರಡು ಪಟ್ಟಿ ಕೇಳಿ: ಯಾವುದನ್ನು ಬಿಡ್ತಿದ್ದೀವಿ, ಯಾವುದನ್ನು ಮುಟ್ಟಲ್ಲ. ಲೋಕಲೈಸೇಶನ್ ಡೇಟಾ, ಫಾಂಟು, ಡಿಬಗ್ ಸಿಂಬಲ್ಲು, ಇವೆಲ್ಲ ಮೊದಲ ಪಟ್ಟಿಗೆ ಬೇಗ ಬೀಳುವ ಸಾಮಾನು. ಹಾಟ್‌ಸ್ಪಾಟ್ ತಂಡ ಎರಡನೇ ಪಟ್ಟಿಯನ್ನು ಎಲ್ಲರೂ ಓದುವ ಹಾಗೆ ಮೇಕ್‌ಫೈಲಿನಲ್ಲೇ ಬರೆದಿಟ್ಟಿದೆ. ಬರೆದಿಟ್ಟದ್ದರಿಂದಲೇ ಇಷ್ಟು ವರ್ಷದ ಮೇಲೆ ನಾವು ಅದನ್ನು ಓದಿ, ಇದು ಸರಿ, ಇದು ಯಾಕೆ ಅಂತ ಕೇಳೋಕೆ ಆಗುತ್ತಿರೋದು.